ಎಸ್‌ಟಿಪಿ ಬಿಟ್ಟು ನರ್ಸಿಂಗ್ ಲೆಕ್ಚರರ್ ಏನು ಸಂಶೋಧನೆ ಮಾಡಬಹುದು?

ಪ್ರಶ್ನೆ: ನಾನು ದಾವಣಗೆರೆ ಕಡೆಯ ಒಂದು ಖಾಸಗಿ ನರ್ಸಿಂಗ್ ಕಾಲೇಜಿನಲ್ಲಿ ಲೆಕ್ಚರರ್. ಮೆಡಿಕಲ್ ಸರ್ಜಿಕಲ್ ನರ್ಸಿಂಗ್‌ನಲ್ಲಿ ಎಂಎಸ್ಸಿ ಆಗಿದೆ. ಈ ವರ್ಷದಿಂದ ಎಲ್ಲರೂ ಪೇಪರ್ ಪಬ್ಲಿಶ್ ಮಾಡಲೇಬೇಕು ಅಂತ ಮ್ಯಾನೇಜ್‌ಮೆಂಟ್ ಹೇಳಿದೆ. ಸಕ್ಕರೆ ಕಾಯಿಲೆಯವರಿಗೆ ಕಾಲಿನ ಆರೈಕೆ ಬಗ್ಗೆ ಒಂದು ಎಸ್‌ಟಿಪಿ ಮಾಡಿ ಮುಗಿಸೋಣ ಅಂದುಕೊಂಡಿದ್ದೆ. ಆದರೆ ಪಕ್ಕದ ಫಾರ್ಮಸಿ ಕಾಲೇಜಿನವರು, "ನಿಮ್ಮದು ಬರೀ ಪ್ರಶ್ನಾವಳಿ ರಿಸರ್ಚು, ಲ್ಯಾಬ್ ಕೆಲಸ ನಿಮ್ಮ ಕೈಲಾಗಲ್ಲ" ಅಂತ ನಗುತ್ತಾರೆ. ನಮ್ಮಲ್ಲಿ ಲ್ಯಾಬ್ ಇಲ್ಲ ಅನ್ನುವುದೂ ನಿಜ. ಮೇಡಂ, ನಮ್ಮಂಥವರು ನಿಜವಾಗಿ ಏನು ಮಾಡಬಹುದು? ಪಿಎಚ್‌ಡಿ ಇಲ್ಲದೆ ಇದೆಲ್ಲ ಸಾಧ್ಯವಾ?

ಉತ್ತರ: ನಗುವವರು ನಗಲಿ ಬಿಡಿ. ಆದರೆ ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಅದನ್ನು ಮೊದಲು ಒಪ್ಪಿಕೊಂಡುಬಿಡೋಣ.

ಗೊತ್ತಿಲ್ಲದ ಓದುಗರಿಗೆ ಹೇಳುತ್ತೇನೆ. ಎಸ್‌ಟಿಪಿ ಅಂದರೆ ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂ. ನಮ್ಮ ರಾಜ್ಯದ ನರ್ಸಿಂಗ್ ಕಾಲೇಜುಗಳ ಲೈಬ್ರರಿಗೆ ಹೋಗಿ ಎಂಎಸ್ಸಿ ಡಿಸರ್ಟೇಶನ್‌ಗಳ ಬೆನ್ನ ಮೇಲಿನ ಹೆಸರು ಓದಿ. ಇಂಥ ವಿಷಯದ ಬಗ್ಗೆ, ಇಂಥವರ ತಿಳಿವಳಿಕೆಯ ಮೇಲೆ, ಎಸ್‌ಟಿಪಿಯ ಪರಿಣಾಮ. ಸ್ಥಳ: ಬೆಂಗಳೂರಿನ ಆಯ್ದ ಆಸ್ಪತ್ರೆ. ಕಾಯಿಲೆಯ ಹೆಸರು ಬದಲಾಗುತ್ತದೆ, ಊರು ಬದಲಾಗುತ್ತದೆ, ಉಳಿದದ್ದು ಹಾಗೇ ಇರುತ್ತದೆ. ಒಂದು ಗುಂಪಿಗೆ ಪ್ರಶ್ನೆಪತ್ರಿಕೆ ಕೊಡುತ್ತಾರೆ. ಚಾರ್ಟು, ಫ್ಲಾಶ್ ಕಾರ್ಡು ಹಿಡಿದು ಮುಕ್ಕಾಲು ಗಂಟೆ ಪಾಠ ಮಾಡುತ್ತಾರೆ. ಏಳನೇ ದಿನ ಅದೇ ಪ್ರಶ್ನೆಪತ್ರಿಕೆ ಮತ್ತೆ ಕೊಡುತ್ತಾರೆ. ಮಾರ್ಕ್ಸ್ ಜಾಸ್ತಿ ಬಂದಿರುತ್ತದೆ. ಪಾಠ ಮಾಡಿ ಅದೇ ಪ್ರಶ್ನೆ ಕೇಳಿದರೆ ಜಾಸ್ತಿ ಬರದೆ ಇನ್ನೇನಾಗುತ್ತದೆ? ಹೋಲಿಸಿ ನೋಡಲು ಇನ್ನೊಂದು ಗುಂಪೂ ಇರುವುದಿಲ್ಲ. ಟಿ ವ್ಯಾಲ್ಯೂ ಬರೆದು, ಹೈಪಾಥೆಸಿಸ್ ಒಪ್ಪಿ, ಬೈಂಡ್ ಮಾಡಿಸಿ ಇಟ್ಟರೆ ಮುಗಿಯಿತು.

ಎಂಎಸ್ಸಿ ವಿದ್ಯಾರ್ಥಿ ಕೈ ಪಳಗಿಸಿಕೊಳ್ಳಲು ಇದನ್ನು ಮಾಡಿದರೆ ನನ್ನ ತಕರಾರಿಲ್ಲ. ಅವರಿಗಿರುವ ಸಮಯದಲ್ಲಿ ಅಷ್ಟೇ ಆಗುವುದು. ಆದರೆ ಪಾಠ ಹೇಳುವ ನಾವೂ ಇಪ್ಪತ್ತು ವರ್ಷ ಅದನ್ನೇ ಮಾಡುತ್ತಾ ಕೂತರೆ ಯಾವ ಪೇಷಂಟಿಗೂ ಏನೂ ಪ್ರಯೋಜನವಿಲ್ಲ. ತಿಳಿವಳಿಕೆಯ ಮಾರ್ಕ್ಸ್ ಏರಿತಾ ಅಂತ ಇಷ್ಟು ದಿನ ಕೇಳಿದ್ದು ಸಾಕು. ಪೇಷಂಟಿನ ಮೈಯಲ್ಲಿ ಏನು ಬದಲಾಯಿತು ಅಂತ ಕೇಳಿ. ಗಾಯ ಆಯಿತಾ, ಜ್ವರ ಬಂತಾ, ನಿದ್ದೆ ಬಂತಾ, ಸೂಜಿ ಎಷ್ಟು ಸಲ ಚುಚ್ಚಿದಿರಿ? ನರ್ಸಿಂಗ್ ಬೋಧಕರು ಮಾಡಿದ ದೊಡ್ಡ ಕೆಲಸಗಳೆಲ್ಲ ಇಂಥ ಪ್ರಶ್ನೆಗಳಿಂದಲೇ ಹುಟ್ಟಿವೆ.

ಒಂದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಔಷಧಿ, ಗ್ಲೂಕೋಸ್ ಹೋಗಲು ಕೈಯ ನರಕ್ಕೆ ಹಾಕಿದ ತೆಳು ಕೊಳವೆಯನ್ನು, ಅಂದರೆ ಐವಿ ಕ್ಯಾನುಲಾವನ್ನು, ಮೂರು ದಿನಕ್ಕೊಮ್ಮೆ ತೆಗೆದು ಬೇರೆ ಕಡೆ ಹಾಕಬೇಕು ಅಂತ ನಾವೆಲ್ಲ ಕಲಿತಿದ್ದೇವೆ, ಕಲಿಸಿದ್ದೇವೆ. ಚೆನ್ನಾಗಿ ಓಡುತ್ತಿರುವ ಕ್ಯಾನುಲಾ ತೆಗೆದು, ನರ ಸಿಗದ ಅಜ್ಜಿಯ ಕೈಗೆ ಮತ್ತೆ ಚುಚ್ಚುವಾಗ ಯಾವ ಸಿಸ್ಟರಿಗೆ ಬೇಜಾರಾಗಿಲ್ಲ ಹೇಳಿ? ಆಸ್ಟ್ರೇಲಿಯಾದ ಗ್ರಿಫಿತ್ ಯೂನಿವರ್ಸಿಟಿಯಲ್ಲಿ ನರ್ಸಿಂಗ್ ಪ್ರೊಫೆಸರ್ ಆಗಿದ್ದ ಕ್ಲೇರ್ ರಿಕರ್ಡ್ ಮತ್ತು ಅವರ ತಂಡ ಈ ಬೇಜಾರನ್ನೇ ಸಂಶೋಧನೆಯ ಪ್ರಶ್ನೆ ಮಾಡಿಕೊಂಡರು. ಕ್ವೀನ್ಸ್‌ಲ್ಯಾಂಡಿನ 3 ಆಸ್ಪತ್ರೆಗಳ 3,283 ಪೇಷಂಟುಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೂರನೇ ದಿನ ಕ್ಯಾನುಲಾ ಬದಲು. ಇನ್ನೊಂದು ಗುಂಪಿಗೆ ಊತ, ನೋವು, ಕೆಂಪು, ಬ್ಲಾಕ್ ಏನಾದರೂ ಕಂಡರೆ ಮಾತ್ರ ಬದಲು. ಫ್ಲೆಬೈಟಿಸ್, ಅಂದರೆ ಆ ರಕ್ತನಾಳದ ಉರಿಯೂತ, ಎರಡರಲ್ಲೂ ಶೇ. 7. ಒಂದಿಷ್ಟೂ ವ್ಯತ್ಯಾಸ ಇರಲಿಲ್ಲ. 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. ಎಷ್ಟೋ ದೇಶಗಳಲ್ಲಿ ಅನಗತ್ಯವಾಗಿ ಚುಚ್ಚುವುದು ಕಡಿಮೆಯಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ ಅನ್ನುವುದೇ ನನಗೆ ಇಷ್ಟ. ಜಿನೀವಾದ ಯೂನಿವರ್ಸಿಟಿ ಆಸ್ಪತ್ರೆಗಳು "ಬೇಕಾದಾಗ ಮಾತ್ರ ಬದಲು" ಎಂಬ ಪದ್ಧತಿಗೆ ಬಂದ ಮೇಲೆ ಅಲ್ಲಿ ಕ್ಯಾನುಲಾದಿಂದ ಬರುವ ರಕ್ತದ ಸೋಂಕು ಜಾಸ್ತಿಯಾಯಿತು. ಆ ಲೆಕ್ಕ 2021ರಲ್ಲಿ ಪ್ರಕಟವಾಯಿತು. ನನ್ನ ಪ್ರಕಾರ ಇಲ್ಲಿ ಮುಖ್ಯವಾದ ಪ್ರಶ್ನೆ ಬೇರೆ. ಪ್ರತಿ ಶಿಫ್ಟಿನಲ್ಲೂ ಆ ಜಾಗವನ್ನು ಯಾರಾದರೂ ನೋಡುತ್ತಾರಾ? ಪ್ಲಾಸ್ಟರ್ ಕೆಳಗೆ ಏನಾಗಿದೆ ಅಂತ ನೋಡುವವರೇ ಇಲ್ಲದ ವಾರ್ಡಿನಲ್ಲಿ, ನೈಟ್ ಡ್ಯೂಟಿಗೆ ಒಬ್ಬರೇ ಇರುವ ಕಡೆ, ಆಸ್ಟ್ರೇಲಿಯಾದ ಉತ್ತರವನ್ನು ಹಾಗೇ ತಂದು ಇಡಲಾಗದು. ನಮ್ಮ ವಾರ್ಡಿನ ಉತ್ತರವನ್ನು ನಾವೇ ಹುಡುಕಬೇಕು. ಅದಕ್ಕೆ ಲ್ಯಾಬ್ ಬೇಡ. ಒಂದು ಸ್ಕೋರ್ ಶೀಟು, ಶಿಸ್ತು, ತಾಳ್ಮೆ ಇದ್ದರೆ ಆಯಿತು.

ಇನ್ನು ಲ್ಯಾಬಿನ ವಿಷಯ. "ಜೀವವಿಜ್ಞಾನ ನರ್ಸುಗಳದ್ದಲ್ಲ" ಅನ್ನುವವರಿಗೆ ನಾನು ಗೇಲ್ ಪೇಜ್ ಅವರ ಹೆಸರು ಹೇಳುತ್ತೇನೆ. ಈಕೆ ನರ್ಸ್. ಮುಂದೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ನರ್ಸಿಂಗ್ ಸ್ಕೂಲಿನಲ್ಲಿ ಪ್ರೊಫೆಸರ್ ಆದವರು. ಆಪರೇಶನ್ ಆದ ಮೇಲೆ ನೋವು ತಡೆದುಕೊಂಡರೆ ನಷ್ಟವೇನು ಅನ್ನುವುದು ಇವರ ಪ್ರಶ್ನೆ. "ಸ್ವಲ್ಪ ತಡ್ಕೊಳ್ಳಮ್ಮ, ಈಗ ತಾನೇ ಇಂಜೆಕ್ಷನ್ ಆಗಿದೆ" ಅಂತ ನಾವು ದಿನಾ ಹೇಳುವುದಿಲ್ವಾ, ಅದೇ ಜಾಗ. ಇವರೂ ಜೊತೆಗಾರರೂ ಇಲಿಗಳಿಗೆ ಅರಿವಳಿಕೆ ಕೊಟ್ಟು ಹೊಟ್ಟೆಯ ಆಪರೇಶನ್ ಮಾಡಿದರು. ಕ್ಯಾನ್ಸರ್ ಕಣಗಳನ್ನು ರಕ್ತಕ್ಕೆ ಬಿಟ್ಟು, ಅವು ಶ್ವಾಸಕೋಶದಲ್ಲಿ ಎಷ್ಟು ನೆಲೆಯೂರಿವೆ ಅಂತ ನೋಡಿದರು. ಆಪರೇಶನ್ ಆದ ಇಲಿಗಳಲ್ಲಿ ಜಾಸ್ತಿ ನೆಲೆಯೂರಿದ್ದವು. ಆಪರೇಶನ್ ಆಗಿ ಮಾರ್ಫಿನ್ ಕೂಡ ಸಿಕ್ಕ ಇಲಿಗಳಲ್ಲಿ ಆ ಏರಿಕೆ ಕಡಿಮೆಯಾಗಿತ್ತು. 1993ರಲ್ಲಿ ಪೇನ್ ಎಂಬ ಪತ್ರಿಕೆಯಲ್ಲಿ ಇದು ಬಂತು. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲೂ ಹಾಗೇ ಇರುತ್ತದೆ ಅಂತ ಯಾರೂ ಹೇಳುವ ಹಾಗಿಲ್ಲ, ಆ ಚರ್ಚೆ ಇನ್ನೂ ನಡೆದಿದೆ. ಆದರೆ ನೋವು ಬರೀ ಸಹಿಸುವ ವಿಷಯವಲ್ಲ, ಅದು ದೇಹದ ರಕ್ಷಣಾ ವ್ಯವಸ್ಥೆಯನ್ನೇ ಅಲುಗಿಸುತ್ತದೆ ಎಂಬ ಮಾತಿಗೆ ಒಬ್ಬ ನರ್ಸ್ ಲ್ಯಾಬಿನಿಂದ ಸಾಕ್ಷಿ ತಂದರು.

ಇನ್ನೊಂದು ಚಿಕ್ಕದು. ಹುಟ್ಟಿದ ಮಗುವಿಗೆ ಕಾಮಾಲೆ ಬಂದರೆ ಇವತ್ತು ನೀಲಿ ಬೆಳಕಿನ ಕೆಳಗೆ ಮಲಗಿಸುತ್ತೇವೆ. ಇದರ ಮೂಲದಲ್ಲಿ ಇರುವುದು ಇಂಗ್ಲೆಂಡಿನ ಎಸೆಕ್ಸಿನ ರಾಚ್‌ಫರ್ಡ್ ಆಸ್ಪತ್ರೆಯ ಸಿಸ್ಟರ್ ಜೀನ್ ವಾರ್ಡ್. ಆಕೆ ಅವಧಿಗೆ ಮುಂಚೆ ಹುಟ್ಟಿದ ಕೂಸುಗಳನ್ನು ಅಂಗಳದ ಬಿಸಿಲಿಗೆ ಕರೆದೊಯ್ಯುತ್ತಿದ್ದರು. ಬಿಸಿಲು ಬಿದ್ದ ಕಡೆ ಹಳದಿ ಕಡಿಮೆಯಾಗಿದ್ದನ್ನು 1956ರಲ್ಲಿ ಡಾಕ್ಟರುಗಳಿಗೆ ತೋರಿಸಿದರು. ಅದೇ ಆಸ್ಪತ್ರೆಯಲ್ಲಿ ಕಿಟಕಿಯ ಬಿಸಿಲಿಗೆ ಬಿದ್ದಿದ್ದ ರಕ್ತದ ಟ್ಯೂಬಿನಲ್ಲೂ ಹಳದಿಗೆ ಕಾರಣವಾದ ಬಿಲಿರುಬಿನ್ ಇಳಿದಿತ್ತು. 1958ರಲ್ಲಿ ಡಾಕ್ಟರ್ ಕ್ರೆಮರ್ ಮತ್ತು ತಂಡ ಲ್ಯಾನ್ಸೆಟ್‌ನಲ್ಲಿ ಬರೆದರು. ನಮ್ಮ ಅಜ್ಜಿಯರೂ ಎಳೆ ಬಿಸಿಲಿಗೆ ಮಗು ಹಿಡಿಯುತ್ತಿದ್ದರು ಅಂತ ನೀವು ಹೇಳಬಹುದು. ಹೌದು, ಆದರೆ ಅಳೆದು ಬರೆದಿಡಲಿಲ್ಲ. (ಹಾಗಂತ ಇವತ್ತು ಕಾಮಾಲೆ ಮಗುವನ್ನು ಬಿಸಿಲಿಗೆ ಹಿಡಿದು ಆಸ್ಪತ್ರೆ ತಪ್ಪಿಸುವ ಹಾಗಿಲ್ಲ, ಇದನ್ನು ನಿಮ್ಮ ವಿದ್ಯಾರ್ಥಿಗಳಿಗೂ ಹೇಳಿ.)

ಬೆಡ್ ಸೋರ್, ಅಂದರೆ ಮಲಗಿದಲ್ಲೇ ಇರುವವರಿಗೆ ಒತ್ತಡದಿಂದ ಆಗುವ ಹುಣ್ಣು, ಅದನ್ನು ತೆಗೆದುಕೊಳ್ಳಿ. ಅದು ಬರುವ ಅಪಾಯ ಎಷ್ಟಿದೆ ಅಂತ ನೋಡಲು ನಾವು ದಿನಾ ಹಾಕುವ ಬ್ರೇಡನ್ ಸ್ಕೋರ್, 6ರಿಂದ 23ರವರೆಗೆ, ಅದು ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಂ ಎಂಬ ಇಬ್ಬರು ನರ್ಸಿಂಗ್ ಬೋಧಕರ ಕೆಲಸ. ಆದರೆ ಮೊದಲ ಹಂತದ ಬೆಡ್ ಸೋರ್ ಗುರುತಿಸಲು ನಮ್ಮ ಪಠ್ಯದಲ್ಲಿ ಏನಿದೆ? ಒತ್ತಿದರೂ ಬಿಳಿಚದ ಕೆಂಪು. ಕಪ್ಪು ಮೈಬಣ್ಣದ ಪೇಷಂಟಿನ ಬೆನ್ನಿನಲ್ಲಿ ಆ ಕೆಂಪು ಕಾಣುತ್ತದಾ? ಕಾಣುವುದಿಲ್ಲ. ಕಾಣುವ ಹೊತ್ತಿಗೆ ಚರ್ಮ ಕಿತ್ತಿರುತ್ತದೆ. ಲಾಸ್ ಏಂಜಲೀಸಿನ ಯುಸಿಎಲ್‌ಎ ನರ್ಸಿಂಗ್ ಸ್ಕೂಲಿನ ಬಾರ್ಬರಾ ಬೇಟ್ಸ್-ಜೆನ್ಸನ್ ಇದನ್ನೇ ಹಿಡಿದು, ಚರ್ಮದ ಕೆಳಗೆ ಸೇರುವ ತೇವವನ್ನು ಪುಟ್ಟ ಯಂತ್ರದಿಂದ ಅಳೆದು, ಕಣ್ಣಿಗೆ ಕಾಣುವ ಮೊದಲೇ ಹಾನಿ ಹಿಡಿಯಬಹುದಾ ಅಂತ ನೋಡಿದರು. ಆ ಯಂತ್ರ ನಿಮ್ಮಲ್ಲಿ ಇರಲಾರದು. ಆದರೆ ಮೂಳೆ ಚಾಚಿದ ಜಾಗವನ್ನು ಮುಟ್ಟಿ, ಬಿಸಿಯಿದೆಯಾ, ಗಟ್ಟಿಯಿದೆಯಾ, ಮೆತ್ತಗಾಗಿದೆಯಾ ಅಂತ ದಿನಾ ಬರೆದಿಟ್ಟು, ಮುಂದೆ ಗಾಯ ಆದವರ ಜೊತೆ ತಾಳೆ ನೋಡಬಹುದು. ನಮ್ಮ ಬಣ್ಣದ ಚರ್ಮದ ಮೇಲೆ ಇಂಥ ಕೆಲಸ ಸಾಲದು, ಆಗಬೇಕು.

ಈಗ ನಿಮ್ಮ ವಿಷಯಕ್ಕೆ ಬರೋಣ. ಸಕ್ಕರೆ ಕಾಯಿಲೆಯವರ ಕಾಲು ಒಳ್ಳೆಯ ವಿಷಯ. ಅದನ್ನು ಎಸ್‌ಟಿಪಿ ಮಾಡಿ ಹಾಳು ಮಾಡಬೇಡಿ, ಅಷ್ಟೇ.

ಮೊದಲ ಕೆಲಸ, ಪಾದಕ್ಕೆ ಸ್ಪರ್ಶ ಗೊತ್ತಾಗುತ್ತದಾ ಅಂತ ಮುಟ್ಟಿ ನೋಡುವುದು. 10 ಗ್ರಾಂ ಮೊನೊಫಿಲಮೆಂಟ್ ಅಂತ ನೈಲಾನ್ ಎಳೆ ಸಿಗುತ್ತದೆ, ದುಬಾರಿಯಲ್ಲ. ಪೇಷಂಟಿಗೆ ಕಣ್ಣು ಮುಚ್ಚಲು ಹೇಳಿ ಅದನ್ನು ಹೆಬ್ಬೆರಳ ಕೆಳಗೆ, ಪಾದದ ಮುಂಭಾಗದ ಉಬ್ಬಿನ ಕೆಳಗೆ ಲಂಬವಾಗಿ ಒತ್ತಿ. ಎಳೆ ಬಾಗುವಷ್ಟು ಒತ್ತಿದರೆ ಸಾಕು, ಒಂದೆರಡು ಸೆಕೆಂಡ್. "ಗೊತ್ತಾಯ್ತಾ?" ಅಂತ ಕೇಳಬೇಡಿ, ಎಲ್ಲರೂ "ಹೂಂ" ಅಂದುಬಿಡುತ್ತಾರೆ. ಮುಟ್ಟಿದಾಗ ತಾವೇ ಹೇಳಬೇಕು, ಯಾವ ಕಾಲು ಅಂತಲೂ ಹೇಳಬೇಕು. ನಡುವೆ ಸುಮ್ನೆ ಮುಟ್ಟದೆಯೂ ಕೇಳಿ ನೋಡಿ. ಹಿಮ್ಮಡಿಯ ದಪ್ಪ ಆಣಿಯ ಮೇಲೆ ಒತ್ತಿದರೆ ತಪ್ಪು ಉತ್ತರ ಬರುತ್ತದೆ. ಗದ್ದೆಯಲ್ಲಿ ಬರಿಗಾಲಲ್ಲಿ ದುಡಿದವರ ಪಾದದಲ್ಲಿ ಎಲ್ಲಿ ಒತ್ತಬೇಕು ಅನ್ನುವುದೇ ಒಂದು ಪುಟ್ಟ ಅಧ್ಯಯನ ಆಗಬಲ್ಲದು.

ಎರಡನೆಯದು ಉಷ್ಣತೆ. ಹುಣ್ಣು ಆಗುವ ಮೊದಲು ಆ ಜಾಗದಲ್ಲಿ ಒಳಗೆ ಉರಿಯೂತ ಶುರುವಾಗುತ್ತದೆ, ಚರ್ಮ ಬಿಸಿಯಾಗುತ್ತದೆ. ಎಡಗಾಲು, ಬಲಗಾಲಿನ ಒಂದೇ ಜಾಗಕ್ಕೆ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಎಚ್ಚರಿಕೆ ಅಂತ ಈ ಕ್ಷೇತ್ರದ ಅಧ್ಯಯನಗಳು ಬಳಸುವ ಗಡಿ. ಕೋವಿಡ್ ಕಾಲದ ಹಣೆ ಥರ್ಮಾಮೀಟರ್ ನಿಮ್ಮ ಕಾಲೇಜಿನಲ್ಲೂ ಬಿದ್ದಿರುತ್ತದೆ. ಅದನ್ನು ಸುಮ್ನೆ ಕಾಲಿಗೆ ಹಿಡಿಯಬೇಡಿ. ಹಣೆಯ ಅಳತೆಯನ್ನು ದೇಹದ ಉಷ್ಣತೆಗೆ ತಿರುಗಿಸಿ ತೋರಿಸುವ ಲೆಕ್ಕ ಅದರೊಳಗೆ ಇರುತ್ತದೆ. ಸರ್ಫೇಸ್ ಮೋಡ್ ಇದೆಯಾ ಅಂತ ನೋಡಿ, ಇಲ್ಲದಿದ್ದರೆ ಚರ್ಮದ ಉಷ್ಣತೆ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬೇರೆ ತನ್ನಿ. ಪೇಷಂಟು ಬಿಸಿಲಲ್ಲಿ ನಡೆದು ಬಂದ ತಕ್ಷಣ ಅಳೆಯಬೇಡಿ. ಚಪ್ಪಲಿ ಬಿಡಿಸಿ ನೆರಳಲ್ಲಿ ಸ್ವಲ್ಪ ಹೊತ್ತು ಕೂರಿಸಿ.

ಮೂರನೆಯದು ನಮ್ಮ ಮನೆಗಳ ವಿಷಯ. "ಬರಿಗಾಲಲ್ಲಿ ನಡೆಯಲೇಬೇಡಿ" ಅಂತ ಎಲ್ಲ ಕರಪತ್ರದಲ್ಲೂ ಬರೆದಿರುತ್ತದೆ. ನಮ್ಮ ಕಡೆ ಮನೆಯೊಳಗೆ ಚಪ್ಪಲಿ ಹಾಕುವವರು ಎಷ್ಟು ಜನ? ದೇವಸ್ಥಾನದ ಕಾದ ಕಲ್ಲು, ಬಚ್ಚಲು, ಅಂಗಳ, ಕೊಟ್ಟಿಗೆ ಎಲ್ಲ ಬರಿಗಾಲೇ. ಎಂಸಿಆರ್ ಚಪ್ಪಲಿ (ಇಂಥವರಿಗೆಂದೇ ಮಾಡಿದ ಮೆತ್ತನೆಯ ರಬ್ಬರ್ ಚಪ್ಪಲಿ) ಕೊಟ್ಟರೆ ಅದು ಹೊಸಿಲ ಹೊರಗೇ ಇರುತ್ತದೆ. ಹಾಗಾಗಿ ಮನೆಯೊಳಗೆ ಹಾಕಲು ಬೇರೆ ಒಂದು ಜೊತೆ ಕೊಟ್ಟರೆ ಹಾಕಿಕೊಳ್ಳುತ್ತಾರಾ? ಸೊಸೆಗೋ ಮಗಳಿಗೋ ಪಾದ ನೋಡುವುದನ್ನು ಕಲಿಸಿದರೆ ಆರು ತಿಂಗಳಲ್ಲಿ ಹೊಸ ಗಾಯ ಕಡಿಮೆಯಾಗುತ್ತದಾ? ಒಂದು ಗುಂಪಿಗೆ ಇದು, ಇನ್ನೊಂದು ಗುಂಪಿಗೆ ಓಪಿಡಿಯಲ್ಲಿ ಈಗ ಸಿಗುವ ಸಲಹೆ. ಅಧ್ಯಯನ ಮುಗಿದ ಮೇಲೆ ಎರಡನೇ ಗುಂಪಿಗೂ ಕೊಟ್ಟುಬಿಡಿ. ಪ್ರಶ್ನಾವಳಿಯನ್ನು ಪೂರ್ತಿ ಬಿಡಬೇಕಿಲ್ಲ, ಅದು ಪಕ್ಕದಲ್ಲಿರಲಿ. ಆದರೆ ನೀವು ಕೊನೆಗೆ ಎಣಿಸುವುದು ಗಾಯವನ್ನು.

ಗಾಯ ಇರುವವರಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ನೋಡಬೇಕಾದರೆ ಪಕ್ಕದ ಮೆಡಿಕಲ್ ಕಾಲೇಜಿನ ಮೈಕ್ರೋಬಯಾಲಜಿ ವಿಭಾಗದ ಬಾಗಿಲು ತಟ್ಟಿ. ಹೋಗುವಾಗ ಬೇಡುವವರ ಹಾಗೆ ಹೋಗಬೇಡಿ. ಅವರ ಹತ್ತಿರ ಇಲ್ಲದ್ದು ನಿಮ್ಮ ಹತ್ತಿರ ಇದೆ. ಗಾಯದ ಮೇಲೆ ಸುಮ್ಮನೆ ಸ್ವಾಬ್ ಒರೆಸಿ ಕಳಿಸಿದರೆ ಮೇಲ್ಪದರದ ಕಸವೇ ಬೆಳೆಯುತ್ತದೆ. ಮೊದಲು ಸಲೈನಿನಲ್ಲಿ ತೊಳೆದು, ಶುದ್ಧವಾದ ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಒತ್ತಿ ತಿರುಗಿಸಿ ತೆಗೆಯಬೇಕು, ಹೊತ್ತು ಮಾಡದೆ ಕಳಿಸಬೇಕು. ಇದನ್ನು ಸರಿಯಾಗಿ ಮಾಡುವವರು ಯಾರು? ಡ್ರೆಸ್ಸಿಂಗ್ ಮಾಡುವ ಸಿಸ್ಟರ್.

ಇದರಿಂದಲೇ ಇನ್ನೊಂದು ವಿಷಯ ಹೇಳುತ್ತೇನೆ, ನಿಮಗೆ ಮೊದಲ ಪೇಪರಿಗೆ ಕಾಲಿಗಿಂತ ಇದೇ ಸುಲಭ. ಕ್ಯಾಜುವಾಲ್ಟಿಯಿಂದ ಹೋಗುವ ರಕ್ತ ಎಷ್ಟೋ ಸಲ ಹೀಮೊಲೈಸ್ ಆಗಿ ವಾಪಸ್ ಬರುತ್ತದೆ. ತೆಗೆಯುವಾಗ ಕೆಂಪು ಕಣ ಒಡೆದುಹೋಗಿರುತ್ತದೆ, ಅದರೊಳಗಿನ ಪೊಟ್ಯಾಶಿಯಂ ಹೊರಗೆ ಬಂದು ರಿಪೋರ್ಟಿನಲ್ಲಿ ಸುಳ್ಳು ಏರಿಕೆ ತೋರಿಸುತ್ತದೆ. ಡಾಕ್ಟರ್ ಗಾಬರಿ, ಪೇಷಂಟಿಗೆ ಮತ್ತೆ ಸೂಜಿ, ಮನೆಯವರ ಬೈಗುಳ ನಮಗೆ. ತೆಳು ಕ್ಯಾನುಲಾದಿಂದ ಸಿರಿಂಜಿನಲ್ಲಿ ಜೋರಾಗಿ ಎಳೆಯುವುದು, ಟ್ಯೂಬಿಗೆ ರಭಸವಾಗಿ ತಳ್ಳುವುದು, ಕುಲುಕುವುದು, ತೋಳಿನ ಪಟ್ಟಿ (ಟೂರ್ನಿಕೆ) ಜಾಸ್ತಿ ಹೊತ್ತು ಕಟ್ಟುವುದು, ಇವೇ ಕಾರಣ. ಲ್ಯಾಬಿನ ತಪ್ಪುಗಳಲ್ಲಿ ದೊಡ್ಡ ಪಾಲು ಸ್ಯಾಂಪಲ್ ಯಂತ್ರಕ್ಕೆ ಹೋಗುವ ಮೊದಲೇ ಆಗಿರುತ್ತದೆ. ತಿರಸ್ಕಾರವಾದ ಸ್ಯಾಂಪಲ್ಲುಗಳ ರಿಜಿಸ್ಟರ್ ಒಳ್ಳೆಯ ಲ್ಯಾಬಿನಲ್ಲಿ ಇದ್ದೇ ಇರುತ್ತದೆ. ಮೂರು ತಿಂಗಳ ಲೆಕ್ಕ ತೆಗೆಯಿರಿ, ತೆಗೆಯುವ ವಿಧಾನ ತಿದ್ದಿ, ಮತ್ತೆ ಮೂರು ತಿಂಗಳು ನೋಡಿ. ಬಯೋಕೆಮಿಸ್ಟ್ರಿಯವರೂ ಖುಷಿಯಿಂದ ಸೇರಿಕೊಳ್ಳುತ್ತಾರೆ, ಅವರಿಗೂ ಇದು ತಲೆನೋವೇ. ಆಮೇಲೆ ಫಾರ್ಮಸಿಯವರಿಗೆ ಆ ಪೇಪರ್ ಒಂದು ಕಾಪಿ ಕಳಿಸಿ.

ಮೈಯನ್ನೇ ಮುಟ್ಟದೆ, ದಾಖಲೆ ಮತ್ತು ನರ್ಸುಗಳ ಸಮೀಕ್ಷೆಯಿಂದಲೂ ದೊಡ್ಡ ಕೆಲಸ ಆಗುತ್ತದೆ. ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯ ನರ್ಸಿಂಗ್ ಪ್ರೊಫೆಸರ್ ಲಿಂಡಾ ಐಕೆನ್ ಅವರ ತಂಡ 168 ಆಸ್ಪತ್ರೆಗಳ ಲೆಕ್ಕ ತೆಗೆದು 2002ರಲ್ಲಿ ತೋರಿಸಿದ್ದು ಇಷ್ಟು: ಒಬ್ಬ ನರ್ಸಿನ ಪಾಲಿಗೆ ಒಬ್ಬ ಪೇಷಂಟ್ ಹೆಚ್ಚಾದಂತೆಲ್ಲ, ಆಪರೇಶನ್ ಆದವರು 30 ದಿನದೊಳಗೆ ಸಾಯುವ ಸಾಧ್ಯತೆ ಶೇ. 7ರಷ್ಟು ಏರುತ್ತದೆ. ಯೂರೋಪಿನ 9 ದೇಶಗಳಲ್ಲಿ ಮಾಡಿದ ಅಧ್ಯಯನದಲ್ಲೂ, 2014ರಲ್ಲಿ, ಅದೇ ಶೇ. 7 ಬಂತು. ನಮ್ಮ ವಾರ್ಡಿನ ಅನುಪಾತವನ್ನು ನಾನು ಇಲ್ಲಿ ಬರೆಯಬೇಕಿಲ್ಲ, ನಿಮಗೆ ಗೊತ್ತು. ಇನ್ನು ಹತ್ತಿರದ್ದು ಬೇಕೆಂದರೆ ಕೊಪ್ಪಳ ಜಿಲ್ಲೆ ಇದೆ. ಕಡಿಮೆ ತೂಕದ ಕೂಸುಗಳನ್ನು ತಾಯಿಯ ಎದೆಗೆ ಕಟ್ಟಿ ಸಾಕುವ ಕಾಂಗರೂ ಆರೈಕೆಯನ್ನು ಸರ್ಕಾರಿ ಆಸ್ಪತ್ರೆಗಳಲ್ಲೂ ಮನೆಗಳಲ್ಲೂ ಹರಡುವುದು ಹೇಗೆ ಅಂತ ಅಲ್ಲಿ ಅಧ್ಯಯನ ನಡೆದಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಅದರಲ್ಲಿತ್ತು. ನರ್ಸಿಂಗ್ ಕಾಲೇಜುಗಳು ಇಂಥ ಕೆಲಸದಲ್ಲಿ ಇನ್ನೂ ಮುಂದೆ ನಿಲ್ಲಬೇಕಿತ್ತು ಅನ್ನುವುದು ನನ್ನ ಕೊರಗು.

ಕ್ರಮದ ವಿಷಯ ಬೇಗ ಹೇಳಿಬಿಡುತ್ತೇನೆ. ಎಥಿಕ್ಸ್ ಕಮಿಟಿಯ ಒಪ್ಪಿಗೆ ಇಲ್ಲದೆ ಒಂದು ಪೇಷಂಟನ್ನೂ ಮುಟ್ಟಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಓದಿ. ಎರಡು ಗುಂಪು ಮಾಡಿ ಏನಾದರೂ ಕೊಟ್ಟು ನೋಡುವ ಅಧ್ಯಯನವಾದರೆ ಮೊದಲ ಪೇಷಂಟ್ ಸೇರುವ ಮುಂಚೆಯೇ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ತಾಣವಾದ ಸಿಟಿಆರ್‌ಐನಲ್ಲಿ ನೋಂದಣಿ ಮಾಡಿ. ದುಡ್ಡು ಕೊಡಬೇಕಿಲ್ಲ. 2018ರ ಏಪ್ರಿಲ್‌ನಿಂದ, ಶುರುವಾದ ಮೇಲೆ ಬಂದರೆ ಅವರು ನೋಂದಾಯಿಸುವುದೂ ಇಲ್ಲ. ಸ್ಟಾಟಿಸ್ಟಿಶಿಯನ್ ಹತ್ತಿರ ಡೇಟಾ ಹೊತ್ತುಕೊಂಡು ಕೊನೆಗೆ ಹೋಗುವ ಚಾಳಿ ನಮ್ಮವರಿಗೆ ಜಾಸ್ತಿ. ಮೊದಲೇ ಹೋಗಿ, ಎಷ್ಟು ಜನ ಬೇಕು ಅಂತ ಲೆಕ್ಕ ಹಾಕಿಸಿ. "ಅರವತ್ತು ಸಾಕು" ಅನ್ನುವುದು ಲೆಕ್ಕವಲ್ಲ, ರೂಢಿ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ನಿಮ್ಮದೇ ಕ್ಲಾಸಿನ ವಿದ್ಯಾರ್ಥಿಗಳನ್ನು ಸ್ಯಾಂಪಲ್ ಮಾಡಿಕೊಳ್ಳಬೇಡಿ. ಇಂಟರ್ನಲ್ ಮಾರ್ಕ್ಸ್ ನಿಮ್ಮ ಕೈಲಿರುವಾಗ ಅವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕದೆ ಏನು ಮಾಡುತ್ತಾರೆ? ಅದು ಒಪ್ಪಿಗೆಯೇ ಅಲ್ಲ. ಹಾಗೇ ಕೆಲಸ ಮಾಡದವರ ಹೆಸರನ್ನು ಗೌರವಕ್ಕೆ ಅಂತ ಪೇಪರಿಗೆ ಸೇರಿಸುವುದು. ಮೇಲಿನವರು ಕೇಳಿದರೆ ಕಷ್ಟ, ಒಪ್ಪುತ್ತೇನೆ. ಶುರುವಿನಲ್ಲೇ ಯಾರು ಏನು ಮಾಡುತ್ತಾರೆ ಅಂತ ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಆಮೇಲೆ ಜಗಳ ಕಡಿಮೆ.

ಒಂದೇ ವಾರದಲ್ಲಿ ಅಚ್ಚು ಹಾಕುತ್ತೇವೆ, ದುಡ್ಡು ಗೂಗಲ್ ಪೇ ಮಾಡಿ ಅನ್ನುವ ಜರ್ನಲ್‌ಗಳ ಕಡೆ ತಿರುಗಿಯೂ ನೋಡಬೇಡಿ. ಸಂಶೋಧನಾ ಪತ್ರಿಕೆಗಳನ್ನು ಪಟ್ಟಿ ಮಾಡುವ ಪಬ್‌ಮೆಡ್‌ನಲ್ಲೋ ಸ್ಕೋಪಸ್‌ನಲ್ಲೋ ಇದೆಯಾ ಅಂತ ಆ ತಾಣಗಳಲ್ಲೇ ಹುಡುಕಿ, ಜರ್ನಲ್‌ನವರ ಮಾತು ನಂಬಬೇಡಿ.

ಪಿಎಚ್‌ಡಿ ಇಲ್ಲದೆ ಆಗುತ್ತದಾ ಅಂದಿರಿ. ಮೇಲೆ ಹೇಳಿದ ರಕ್ತದ ಸ್ಯಾಂಪಲ್ ಅಧ್ಯಯನಕ್ಕೂ, ಕಾಲಿನದ್ದಕ್ಕೂ ಎಂಎಸ್ಸಿ ಸಾಕು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ಕಾಲೇಜುಗಳ ಬೋಧಕರಿಗೆ ಸಂಶೋಧನಾ ಅನುದಾನ ಕೊಡುತ್ತದೆ, ಅದಕ್ಕೆ ಅರ್ಜಿ ಹಾಕಿ. ಮುಂದೆ ಪಿಎಚ್‌ಡಿಗೆ ಹೋಗುವ ಮನಸ್ಸಿದ್ದರೆ ಭಾರತೀಯ ನರ್ಸಿಂಗ್ ಪರಿಷತ್ತು ಇದೇ ವಿಶ್ವವಿದ್ಯಾಲಯದ ಜೊತೆ ಸೇರಿ ಶುರುಮಾಡಿದ ರಾಷ್ಟ್ರೀಯ ಕನ್ಸೋರ್ಟಿಯಂ ಇದೆ, ಬೇರೆ ವಿಶ್ವವಿದ್ಯಾಲಯಗಳೂ ಇವೆ. ಇನ್‌ಸ್ಟಿಟ್ಯೂಟಿನ ಹೆಸರು ನೋಡಿ ಸೇರುವುದಕ್ಕಿಂತ ಗೈಡ್ ನೋಡಿ ಸೇರಿ. ಅವರ ಹಿಂದಿನ ವಿದ್ಯಾರ್ಥಿಗಳಿಗೆ ಒಂದು ಫೋನ್ ಮಾಡಿ, ಡ್ರಾಫ್ಟ್ ಕೊಟ್ಟರೆ ಎಷ್ಟು ದಿನಕ್ಕೆ ಓದಿ ವಾಪಸ್ ಕೊಡುತ್ತಾರೆ ಅಂತ ಕೇಳಿ. ಫೋನಿನ ಆ ಕಡೆ ಸುದೀರ್ಘ ನಗು ಕೇಳಿಸಿದರೆ ಬೇರೆ ಗೈಡ್ ಹುಡುಕಿ.